ಖಾಲಿ ವಠಾರದಲ್ಲಿ ಗೋಡೆ ಪರೀಕ್ಷೆ

2015ರ ಮೇ 13ರಂದು ಸರ್ವರ್ ಬಾಡಿಗೆಗೆ ಕೊಡುವ ಅನೇಕ ಕಂಪನಿಗಳು ಒಂದು ಫ್ಲಾಪಿ ಡ್ರೈವಿನ ದೆಸೆಯಿಂದ ನಿದ್ದೆಗೆಟ್ಟವು. ತಮಾಷೆಯೆಂದರೆ ಆ ಡ್ರೈವ್ ಅವರ ಯಾವ ಡೇಟಾ ಸೆಂಟರಿನಲ್ಲೂ ಇರಲಿಲ್ಲ. ಒಂದೇ ಯಂತ್ರವನ್ನು ಹತ್ತಾರು ಬಾಡಿಗೆದಾರರಿಗೆ ಹಂಚುವಾಗ ಪ್ರತಿಯೊಬ್ಬನಿಗೂ ತನ್ನದೇ ಪೂರ್ಣ ಕಂಪ್ಯೂಟರ್ ಇದೆಯೆಂಬ ಭ್ರಮೆ ಹುಟ್ಟಿಸಬೇಕು. ಆ ವೇಷ ಕಟ್ಟುವ ತಂತ್ರಾಂಶಗಳಲ್ಲಿ ಹೆಸರಾದದ್ದು ಕ್ಯೂಎಮು. ಹಳೆಯ ಕಂಪ್ಯೂಟರುಗಳಲ್ಲಿ ಫ್ಲಾಪಿ ಇರುತ್ತಿತ್ತು, ಹಾಗಾಗಿ ಕ್ಯೂಎಮು ಅದರ ವೇಷವನ್ನೂ ಕಟ್ಟುತ್ತಿತ್ತು. ಆ ಕೋಡಿನಲ್ಲಿ 2004ರಿಂದ ಒಂದು ದೋಷ ಸದ್ದಿಲ್ಲದೆ ಕುಳಿತಿತ್ತು. ಬಾಡಿಗೆದಾರನೊಬ್ಬ ಅದನ್ನು ಸರಿಯಾಗಿ ಕೆದಕಿದರೆ ತನ್ನ ವರ್ಚುವಲ್ ಯಂತ್ರದಿಂದ, ಎಂದರೆ ಆ ಭ್ರಮೆಯ ಕಂಪ್ಯೂಟರಿನಿಂದ, ಹೊರಬಂದು ಮೂಲ ಯಂತ್ರಕ್ಕೇ ಕೈ ಹಾಕಬಹುದಿತ್ತು. ‘ವೆನಮ್’ ಎಂಬ ಹೆಸರಿನಲ್ಲಿ ಅದು ಹೊರಬಿತ್ತು. ಫ್ಲಾಪಿ ಬೇಡವೆಂದು ಮೊದಲೇ ತೆಗೆದುಹಾಕಿದ್ದವರೂ ಪಾರಾಗಲಿಲ್ಲ. ಬೇರೊಂದು ದೋಷದಿಂದಾಗಿ, ತೆಗೆದ ಮೇಲೂ ಆ ಕೋಡ್ ಜೀವಂತವಾಗಿಯೇ ಉಳಿಯುತ್ತಿತ್ತು.

ಸಣ್ಣದೊಂದು ಲಿನಕ್ಸ್ ಸರ್ವರನ್ನು ಬಾಡಿಗೆಗೆ ಹಿಡಿದವರಿಗೆ ಆಗಾಗ ಒಂದು ಮಿಂಚಂಚೆ ಬರುತ್ತದೆ: ನಮ್ಮಲ್ಲಿ ಹೊಸ ವರ್ಚುವಲೈಸೇಶನ್ ತಂತ್ರಜ್ಞಾನ ಬಂದಿದೆ, ಪ್ರಯೋಗಾರ್ಥ ಉಚಿತ, ಬೇಗ ಬೂಟ್ ಆಗುತ್ತದೆ, ನೋಡಿ. ಓದಿದವರು ಒಂದು ವೇಗಪರೀಕ್ಷೆ ಓಡಿಸುತ್ತಾರೆ, ಅಂಕಿ ಚೆನ್ನಾಗಿ ಕಾಣುತ್ತದೆ, ಸ್ಥಳಾಂತರಕ್ಕೆ ಒಪ್ಪಿಗೆ ಕೊಡುತ್ತಾರೆ. ನಾನೂ ಹಾಗೆ ಒಪ್ಪಿದವನೇ. ಆ ಅಂಕಿ ಸುಳ್ಳಲ್ಲ. ಆದರೆ ಬದಲಾಗುತ್ತಿರುವುದು ನಮಗೂ ಪಕ್ಕದವನಿಗೂ ನಡುವಿನ ಗೋಡೆ, ಮತ್ತು ಪಕ್ಕದ ಮನೆಗೆ ಇನ್ನೂ ಯಾರೂ ಬಂದೇ ಇರುವುದಿಲ್ಲ.

ಗೋಡೆಯ ಕಥೆಯನ್ನು ವಠಾರದಿಂದಲೇ ಶುರು ಮಾಡಬಹುದು. ಬೆಂಗಳೂರು, ಮೈಸೂರಿನ ಹಳೆಯ ಬಡಾವಣೆಗಳ ವಠಾರ ನೋಡಿದವರಿಗೆ ಗೊತ್ತು: ಮನೆ ಬೇರೆ, ಬಾಗಿಲು ಬೇರೆ, ಅಂಗಳ ಒಂದು, ನಲ್ಲಿ ಒಂದು. ಒಂದು ಕಾಲದಲ್ಲಿ ಅಗ್ಗದ ವಿಪಿಎಸ್‌ಗಳ, ಎಂದರೆ ಇಂಥ ಬಾಡಿಗೆ ಸರ್ವರುಗಳ, ಮಾರುಕಟ್ಟೆಯನ್ನು ಆಳಿದ ಓಪನ್‌ವಿಝಡ್ ಹಾಗೇ ಇತ್ತು. ಎಲ್ಲ ಬಾಡಿಗೆದಾರರಿಗೂ ಕರ್ನಲ್, ಎಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳು, ಒಂದೇ. ಫೈಲುಗಳು, ಪ್ರೊಸೆಸ್‌ಗಳು, ಐಪಿ ವಿಳಾಸ ಮಾತ್ರ ಬೇರೆ ಬೇರೆ. ಖರ್ಚು ಕಡಿಮೆ, ಒಂದು ಯಂತ್ರದಲ್ಲಿ ತುಂಬಿಸಬಹುದಾದ ಜನ ಹೆಚ್ಚು. ‘ಯೂಸರ್ ಬೀನ್‌ಕೌಂಟರ್ಸ್’ ಎಂಬ ಫೈಲೊಂದಿತ್ತು. ಯಾರು ಎಷ್ಟು ಮೆಮೊರಿ ಬಳಸಿದರು, ಯಾರಿಗೆ ಎಷ್ಟು ಸಲ ಇಲ್ಲವೆನ್ನಲಾಯಿತು ಎಂದು ದಿನಸಿ ಅಂಗಡಿಯ ಲೆಕ್ಕದ ಪುಸ್ತಕದಂತೆ ಅದರಲ್ಲಿ ದಾಖಲಾಗುತ್ತಿತ್ತು. ಸೈಟ್ ಏಕೆ ಬಿತ್ತು ಎಂದು ಗೊತ್ತಾಗದವರು ಕೊನೆಗೆ ಹೋಗಿ ನಿಲ್ಲುತ್ತಿದ್ದದ್ದು ಅದರ ಮುಂದೆ.

ಓಪನ್‌ವಿಝಡ್ ಸೋತದ್ದು ಕಳ್ಳತನದ ಭಯಕ್ಕಿಂತ ನಲ್ಲಿಯ ಕಾರಣಕ್ಕೆ. ಕರ್ನಲ್ ಎಲ್ಲರದೂ ಆದ್ದರಿಂದ ಅದನ್ನು ಬದಲಿಸುವ ಹಕ್ಕು ಯಾರಿಗೂ ಇರಲಿಲ್ಲ. ಅದರ ಬಹುಬಳಕೆಯ ಆವೃತ್ತಿ 2.6.32 ಕರ್ನಲಿಗೆ ಅಂಟಿಕೊಂಡಿತ್ತು. ಆ ಕರ್ನಲ್ 2009ರದು. ಪ್ರೋಗ್ರಾಮುಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಡಾಕರ್ ಬಂದು ಕನಿಷ್ಠ 3.10 ಕರ್ನಲ್ ಬೇಕೆಂದಾಗ ಈ ಬಾಡಿಗೆದಾರರು ಕೈಚೆಲ್ಲಿ ಕೂರಬೇಕಾಯಿತು. ಹಣ ಕೊಡಲು ಸಿದ್ಧರಿದ್ದರೂ ತಮ್ಮ ‘ಸರ್ವರಿನಲ್ಲಿ’ ತಮಗೆ ಬೇಕಾದ ಕರ್ನಲ್ ಹಾಕಿಕೊಳ್ಳಲು ಬರುತ್ತಿರಲಿಲ್ಲ.

ಪ್ರತಿಯೊಬ್ಬರಿಗೂ ತಮ್ಮದೇ ಕರ್ನಲ್ ಕೊಡುವುದು ಇದಕ್ಕೆ ಪರಿಹಾರ. ಹೇಳುವುದು ಸುಲಭ, ಆದರೆ ಇಂಟೆಲ್ ಮಾದರಿಯ ಪ್ರೊಸೆಸರುಗಳಲ್ಲಿ ಅದು ಬಹುಕಾಲ ತಲೆನೋವಾಗಿತ್ತು. ಸರಿಯಾದ ಪ್ರೊಸೆಸರಿನಲ್ಲಿ, ಬಾಡಿಗೆದಾರನ ಕರ್ನಲ್ ತನಗೆ ಅಧಿಕಾರವಿಲ್ಲದ ಆಜ್ಞೆಯೊಂದನ್ನು ಕೊಟ್ಟರೆ ಪ್ರೊಸೆಸರ್ ಅಲ್ಲೇ ತಡೆದು ಮಾಲೀಕನಿಗೆ, ಎಂದರೆ ಹೈಪರ್‌ವೈಸರಿಗೆ, ಸುದ್ದಿ ಮುಟ್ಟಿಸಬೇಕು. ಹೀಗೊಂದು ನಿಯಮವನ್ನು ಪೋಪೆಕ್ ಮತ್ತು ಗೋಲ್ಡ್‌ಬರ್ಗ್ 1974ರಲ್ಲೇ ಬರೆದಿಟ್ಟಿದ್ದರು. 2000ನೇ ಇಸವಿಯಲ್ಲಿ ಸಂಶೋಧಕರಿಬ್ಬರು ಪೆಂಟಿಯಂನ ಆಜ್ಞೆಗಳನ್ನು ಒಂದೊಂದಾಗಿ ಪರಿಶೀಲಿಸಿ, ಅವುಗಳಲ್ಲಿ 17 ಆಜ್ಞೆಗಳು ಈ ನಿಯಮಕ್ಕೆ ಬಗ್ಗುವುದಿಲ್ಲವೆಂದು ತೋರಿಸಿದರು. ಅವು ದೂರು ಕೊಡುವುದಿಲ್ಲ, ತಪ್ಪನ್ನೂ ತೋರಿಸುವುದಿಲ್ಲ, ಸುಮ್ಮನೆ ಬೇರೆ ಫಲ ಕೊಟ್ಟು ಮುಂದೆ ಸಾಗುತ್ತವೆ. ಇಂಥ ಮೌನದ ಎದುರು ಗೋಡೆ ಕಟ್ಟುವುದು ಕಷ್ಟ.

ವಿಎಂವೇರ್ ಕಂಪನಿ ಆ ಆಜ್ಞೆಗಳನ್ನು ಓಟದ ನಡುವೆಯೇ ಹುಡುಕಿ ಬೇರೆ ಕೋಡಿಗೆ ಅನುವಾದಿಸುವ ಜಾಣ ದಾರಿ ಹಿಡಿಯಿತು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ತಂಡ 2003ರಲ್ಲಿ ಮುಂದಿಟ್ಟ ಕ್ಸೆನ್ ಇನ್ನೊಂದು ದಾರಿ ಹಿಡಿಯಿತು: ಗೆಸ್ಟ್, ಎಂದರೆ ಬಾಡಿಗೆದಾರನ ಯಂತ್ರದ, ಕರ್ನಲನ್ನೇ ತಿದ್ದಿ, ನೀನಿರುವುದು ಬಾಡಿಗೆ ಮನೆ, ಏನು ಬೇಕಾದರೂ ಮಾಲೀಕನನ್ನು ನೇರವಾಗಿ ಕೇಳು ಎಂದು ಹೇಳಿಕೊಟ್ಟಿತು. 2006ರಲ್ಲಿ ಅಮೆಜಾನ್‌ನ ಬಾಡಿಗೆ ಸರ್ವರ್ ಸೇವೆ ಇಸಿ2 ಆರಂಭವಾದದ್ದು ಕ್ಸೆನ್ ಮೇಲೆಯೇ. ಅಷ್ಟರಲ್ಲಿ ಇಂಟೆಲ್ ಮತ್ತು ಎಎಂಡಿ ಎರಡೂ ಪ್ರೊಸೆಸರಿನೊಳಗೇ ತಿದ್ದುಪಡಿ ತಂದಿದ್ದವು. ಅದನ್ನು ಬಳಸಿಕೊಂಡು ಇಸ್ರೇಲಿನ ಕುಮ್ರಾನೆಟ್ ಎಂಬ ಪುಟ್ಟ ಕಂಪನಿ ಬರೆದ ಕೆವಿಎಂ 2007ರ ಫೆಬ್ರುವರಿಯಲ್ಲಿ, 2.6.20 ಆವೃತ್ತಿಯಲ್ಲಿ, ಲಿನಕ್ಸ್ ಕರ್ನಲಿನ ಭಾಗವಾಯಿತು. ಹೊಸ ಹೈಪರ್‌ವೈಸರ್ ಬರೆಯುವ ಬದಲು ಲಿನಕ್ಸನ್ನೇ ಹೈಪರ್‌ವೈಸರ್ ಮಾಡಿಬಿಡುವ ಸೋಮಾರಿ ಬುದ್ಧಿವಂತಿಕೆ ಅದು. ಮರುವರ್ಷ ರೆಡ್ ಹ್ಯಾಟ್ ಆ ಕಂಪನಿಯನ್ನು ಕೊಂಡಿತು. ಅಮೆಜಾನ್ ಕೂಡ 2017ರಲ್ಲಿ ನೈಟ್ರೊ ಹೆಸರಿನಲ್ಲಿ ಕೆವಿಎಂ ಕಡೆಗೆ ವಾಲಿತು.

ಈ ಅಲೆಗಳೆಲ್ಲ ಒಂದೇ ಕಂಪನಿಯ ಮೇಲೆ ಹಾದುಹೋದದ್ದನ್ನು ನೋಡಬೇಕಿದ್ದರೆ ಲಿನೋಡ್ ಇದೆ. 2003ರಲ್ಲಿ ಅಮೆರಿಕದ ನ್ಯೂ ಜೆರ್ಸಿಯಲ್ಲಿ ಆರಂಭವಾದಾಗ ಅದು ಬಳಸಿದ್ದು ಯೂಸರ್ ಮೋಡ್ ಲಿನಕ್ಸ್, ಎಂದರೆ ಕರ್ನಲನ್ನೇ ಸಾಮಾನ್ಯ ಪ್ರೋಗ್ರಾಮಿನಂತೆ ಓಡಿಸುವ ವಿಧಾನ. 2008ರಲ್ಲಿ ಕ್ಸೆನ್, 2015ರಲ್ಲಿ ಕೆವಿಎಂ. ಹನ್ನೆರಡು ವರ್ಷದಲ್ಲಿ ಮೂರು ಗೋಡೆ. ಕ್ಸೆನ್‌ನಿಂದ ಕೆವಿಎಂಗೆ ಹೋಗುವಾಗ ಸಾಮಾನ್ಯವಾಗಿ ಎಡವುವ ಜಾಗಗಳು ಘನಗಂಭೀರವೇನಲ್ಲ, ಬರೀ ಹೆಸರುಗಳು. ಕ್ಸೆನ್‌ನಲ್ಲಿ ‘ಎಕ್ಸ್‌ವಿಡಿಎ’ ಆಗಿದ್ದ ಡಿಸ್ಕ್ ಕೆವಿಎಂನಲ್ಲಿ ‘ವಿಡಿಎ’ ಅಥವಾ ‘ಎಸ್‌ಡಿಎ’ ಆಗುತ್ತದೆ, ಕನ್ಸೋಲ್ ‘ಎಚ್‌ವಿಸಿ0’ ಇದ್ದದ್ದು ‘ಟಿಟಿವೈಎಸ್0’ ಆಗುತ್ತದೆ. ಬೂಟ್ ಆಗುವಾಗ ಬೇಕಾದ ಡಿಸ್ಕುಗಳ ಪಟ್ಟಿಯಿರುವ ಎಫ್‌ಸ್ಟ್ಯಾಬ್ ಫೈಲಿನಲ್ಲಿ ಯಾವಾಗಲೋ ಯಾರೋ ಬರೆದಿಟ್ಟ ಹಳೆಯ ಹೆಸರೊಂದು ಉಳಿದಿದ್ದರೆ ಸರ್ವರ್ ಏಳುವುದಿಲ್ಲ, ಕನ್ಸೋಲಿನ ಹೆಸರೂ ಬದಲಾಗಿರುವುದರಿಂದ ಏಕೆ ಏಳಲಿಲ್ಲವೆಂದು ನೋಡಲೂ ಆಗುವುದಿಲ್ಲ. ಡಿಸ್ಕಿನ ಹೆಸರಿನ ಬದಲು ಅದರ ಬದಲಾಗದ ಗುರುತು ಸಂಖ್ಯೆ ಯುಯುಐಡಿ ಬರೆದಿಟ್ಟವರು ನೆಮ್ಮದಿಯಾಗಿರುತ್ತಾರೆ.

ಈಗ ಬರುತ್ತಿರುವ ಅಲೆಗೆ ಮೈಕ್ರೊವಿಎಂ ಎಂದು ಹೆಸರು. ಅದರ ಮುಖ್ಯ ಮಾದರಿ, ಅಮೆಜಾನ್ 2018ರ ನವೆಂಬರಿನಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ಫೈರ್‌ಕ್ರ್ಯಾಕರ್. ಹುಟ್ಟಿದ್ದು ಲ್ಯಾಂಬ್ಡಾ ಸೇವೆಯ ಇಕ್ಕಟ್ಟಿನಿಂದ. ಲ್ಯಾಂಬ್ಡಾದಲ್ಲಿ ಗ್ರಾಹಕನ ಕೋಡ್ ಕೆಲವೊಮ್ಮೆ ಸೆಕೆಂಡಿಗಿಂತ ಕಡಿಮೆ ಹೊತ್ತು ಓಡಿ ಮುಗಿಯುತ್ತದೆ. ಅದಕ್ಕೊಂದು ಪೂರ್ಣ ವರ್ಚುವಲ್ ಯಂತ್ರ ಏಳಿಸುವುದು ಮದುವೆ ಮಂಟಪ ಕಟ್ಟಿ ಕಾಫಿ ಕೊಟ್ಟಂತೆ. ಹಾಗೆಂದು ಅಪರಿಚಿತರ ಕೋಡನ್ನು ಒಂದೇ ಕರ್ನಲಿನ ಮೇಲೆ ಬರೀ ಕಂಟೇನರುಗಳಲ್ಲಿ ಬಿಡಲು ಅವರಿಗೆ ಧೈರ್ಯವಿರಲಿಲ್ಲ. ಮೊದಮೊದಲು ಪ್ರತಿ ಗ್ರಾಹಕನಿಗೂ ಬೇರೆ ವರ್ಚುವಲ್ ಯಂತ್ರ ಕೊಟ್ಟು, ಅದರೊಳಗೆ ಅವನವೇ ಕಂಟೇನರುಗಳನ್ನು ಓಡಿಸುತ್ತಿದ್ದರು. ಅದು ದುಬಾರಿ.

ಫೈರ್‌ಕ್ರ್ಯಾಕರ್ ಕೆವಿಎಂ ಅನ್ನು ಹಾಗೆಯೇ ಇಟ್ಟುಕೊಂಡು ಅದರ ಜೊತೆಗೆ ಸಾಧನಗಳ ವೇಷ ಕಟ್ಟುತ್ತಿದ್ದ ಕ್ಯೂಎಮುವಿಗೆ ಬೀಳ್ಕೊಡುಗೆ ಕೊಟ್ಟಿತು. ಕ್ಯೂಎಮುವಿನಲ್ಲಿ ಹದಿನಾಲ್ಕು ಲಕ್ಷಕ್ಕೂ ಹೆಚ್ಚು ಸಾಲು ಕೋಡ್ ಇದೆಯೆಂದು ಫೈರ್‌ಕ್ರ್ಯಾಕರ್ ತಂಡ ತನ್ನ 2020ರ ಪ್ರಬಂಧದಲ್ಲಿ ಲೆಕ್ಕ ಕೊಟ್ಟಿದೆ. ಫೈರ್‌ಕ್ರ್ಯಾಕರಿನದು ಸುಮಾರು ಐವತ್ತು ಸಾವಿರ, ಅದೂ ರಸ್ಟ್ ಭಾಷೆಯಲ್ಲಿ. ಮೂಲ ಬೀಜ ಗೂಗಲ್‌ನವರ ಕ್ರಾಸ್‌ವಿಎಂ. ಫ್ಲಾಪಿ ಇಲ್ಲ, ಯುಎಸ್‌ಬಿ ಇಲ್ಲ, ಪರದೆ ಇಲ್ಲ, ಯಂತ್ರವನ್ನು ಏಳಿಸುವ ಬಯಾಸ್ ಇಲ್ಲ. ಇರುವುದು ನೆಟ್‌ವರ್ಕ್, ಡಿಸ್ಕ್, ಒಂದು ಸೀರಿಯಲ್ ಕನ್ಸೋಲ್, ಮತ್ತೆ ಒಂದೆರಡು. ನನಗೆ ತುಂಬ ಹಿಡಿಸಿದ್ದು ಅದರ ಕೀಬೋರ್ಡ್. ಅದರಲ್ಲಿರುವುದು ಒಂದೇ ಗುಂಡಿ, ಅದರ ಕೆಲಸ ಯಂತ್ರವನ್ನು ನಿಲ್ಲಿಸುವುದು. ವೆನಮ್‌ನಂಥದ್ದು ಅಡಗಿ ಕೂರಲು ಮೂಲೆಗಳೇ ಇಲ್ಲದ ಮನೆ ಕಟ್ಟಬೇಕೆಂಬ ಹಟ ಅದರಲ್ಲಿ ಕಾಣುತ್ತದೆ. ಇಷ್ಟಾದ ಮೇಲೂ ಆ ಪ್ರೊಸೆಸನ್ನು ‘ಜೈಲರ್’ ಎಂಬ ಇನ್ನೊಂದು ಪ್ರೋಗ್ರಾಮ್ ಕಟ್ಟಿಹಾಕಿರುತ್ತದೆ. ಗೋಡೆ ಒಡೆದು ಹೊರಬಂದವನಿಗೂ ಸಿಗುವುದು ಇನ್ನೊಂದು ಖಾಲಿ ಕೋಣೆ.

ಫಲ ದೊಡ್ಡದೇ. 125 ಮಿಲಿಸೆಕೆಂಡಿನೊಳಗೆ ಗೆಸ್ಟಿನ ಕೋಡ್ ಓಡಲು ಶುರುವಾಗುತ್ತದೆ. ವೇಷ ಕಟ್ಟುವುದಕ್ಕೇ ತಗಲುವ ಮೆಮೊರಿಯನ್ನು ಅದೇ ಪ್ರಬಂಧ ಅಳೆದಿದೆ: ಪ್ರತಿ ಯಂತ್ರಕ್ಕೆ ಕ್ಯೂಎಮು 131 ಮೆಗಾಬೈಟ್ ತಿಂದರೆ ಫೈರ್‌ಕ್ರ್ಯಾಕರ್ ಸುಮಾರು 3. ಒಂದು ಸಾವಿರ ಪುಟ್ಟ ಸರ್ವರುಗಳಿರುವ ಯಂತ್ರದಲ್ಲಿ 131 ಗಿಗಾಬೈಟಿಗೂ 3 ಗಿಗಾಬೈಟಿಗೂ ಇರುವ ವ್ಯತ್ಯಾಸ ಅದು. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಉಳಿದ 128 ಗಿಗಾಬೈಟ್ ಯಾರಿಗೆ ಸೇರುತ್ತದೆ? ಮಿಂಚಂಚೆ ಕಳಿಸಿದ ಕಂಪನಿಗೆ. ಅದು ಅಷ್ಟು ಜಾಗದಲ್ಲಿ ಇನ್ನಷ್ಟು ಬಾಡಿಗೆದಾರರನ್ನು ಕೂರಿಸಬಹುದು. ಬಾಡಿಗೆ ಇಳಿಯಬಹುದು, ಇಳಿಯದೆಯೂ ಇರಬಹುದು. ಸದಾ ಓಡುತ್ತಲೇ ಇರುವ, ಆರು ತಿಂಗಳಿಗೊಮ್ಮೆ ರೀಬೂಟ್ ಕಾಣುವ ನಮ್ಮ ವೆಬ್ ಸರ್ವರಿಗೆ 125 ಮಿಲಿಸೆಕೆಂಡಿನ ಬೂಟ್‌ನಿಂದ ಆಗಬೇಕಾದ್ದು ಏನೂ ಇಲ್ಲ.

ಫೈರ್‌ಕ್ರ್ಯಾಕರ್ ಒಂದೇ ಅಲ್ಲ. ಅದೇ ರಸ್ಟ್ ಬಳಗದ ಕ್ಲೌಡ್ ಹೈಪರ್‌ವೈಸರ್, ಕಂಟೇನರಿಗೆ ವರ್ಚುವಲ್ ಯಂತ್ರದ ಗೋಡೆ ತೊಡಿಸುವ ಕಾಟಾ, ಕರ್ನಲಿನ ಸೋಗನ್ನೇ ಹಾಕುವ ಗೂಗಲ್‌ನ ಜಿವೈಸರ್ ಇವೆಲ್ಲ ಇವೆ. ಕ್ಯೂಎಮು ಕೂಡ ಹಠಕ್ಕೆ ಬಿದ್ದಂತೆ 2019ರ ಕೊನೆಗೆ ‘ಮೈಕ್ರೊವಿಎಂ’ ಹೆಸರಿನದೇ ಒಂದು ತೆಳು ರೂಪ ತಂದಿತು. ಈಚಿನ ಗಡಿಬಿಡಿಗೆ ಹಣದ ಕಾರಣವೂ ಇದೆ. 2023ರ ನವೆಂಬರಿನಲ್ಲಿ ವಿಎಂವೇರ್ ಅನ್ನು ಕೊಂಡ ಬ್ರಾಡ್‌ಕಾಮ್ ಮರುತಿಂಗಳೇ ಶಾಶ್ವತ ಪರವಾನಗಿಗಳ ಮಾರಾಟ ನಿಲ್ಲಿಸಿ ಎಲ್ಲವನ್ನೂ ಚಂದಾಕ್ಕೆ ತಿರುಗಿಸಿತು. ಅಲ್ಲಿಂದ ವಿಯೆನ್ನಾದ ಪ್ರಾಕ್ಸ್‌ಮಾಕ್ಸ್‌ನಂಥ ಕೆವಿಎಂ ಆಧಾರಿತ ವ್ಯವಸ್ಥೆಗಳ ಕಡೆಗೆ ವಲಸೆ ಹೆಚ್ಚಿದೆ. ನಿಮಗೆ ಬಂದ ‘ಹೊಸ ತಂತ್ರಜ್ಞಾನ’ದ ಮಿಂಚಂಚೆಯ ಹಿಂದೆ ಇರುವುದು ಹೊಸತನದ ಉತ್ಸಾಹವೋ, ಹಳೆಯ ಪರವಾನಗಿಯ ಬಿಲ್ಲೋ, ಒಮ್ಮೆ ಕೇಳಿ ನೋಡುವುದರಲ್ಲಿ ತಪ್ಪಿಲ್ಲ.

ಹಾಗಾದರೆ ಪ್ರಯೋಗಕ್ಕೆಂದು ಸಿಕ್ಕ ಸರ್ವರಿನಲ್ಲಿ ನೋಡಬೇಕಾದ್ದು ಏನು? ನನ್ನ ಮಟ್ಟಿಗೆ ಮೊದಲ ಸ್ಥಾನ ಡಿಸ್ಕಿನ ಪ್ರಾಮಾಣಿಕತೆಗೆ. ಡೇಟಾಬೇಸ್ ಒಂದು ವ್ಯವಹಾರವನ್ನು ಬರೆದು ಮುಗಿಸುವಾಗ ‘ಎಫ್‌ಸಿಂಕ್’ ಎಂದು ಕರೆದು, ಡಿಸ್ಕಿಗೆ ನಿಜವಾಗಿ ಇಳಿಯಿತೇ ಎಂದು ಕೇಳುತ್ತದೆ. ಇಳಿಯಿತು ಎಂಬ ಉತ್ತರ ಬಂದ ಮೇಲೆಯೇ ಗ್ರಾಹಕನಿಗೆ ‘ಹಣ ಸಂದಾಯವಾಯಿತು’ ಎಂಬ ಸಂದೇಶ ಹೋಗುವುದು. ಫೈರ್‌ಕ್ರ್ಯಾಕರಿನಲ್ಲಿ ಡಿಸ್ಕಿನ ಮೂಲ ಹೊಂದಾಣಿಕೆಯ ಹೆಸರೇ ‘ಅನ್‌ಸೇಫ್’, ಅಂದರೆ ಅಸುರಕ್ಷಿತ. ಅದರಲ್ಲಿ ಗೆಸ್ಟಿನ ಈ ಪ್ರಶ್ನೆ ಮೂಲ ಯಂತ್ರದ ಡಿಸ್ಕಿನವರೆಗೆ ಹೋಗುವುದೇ ಇಲ್ಲ. ಹೋಗಬೇಕಿದ್ದರೆ ‘ರೈಟ್‌ಬ್ಯಾಕ್’ ಎಂದು ಆಯ್ಕೆ ಮಾಡಬೇಕು. ಕ್ಷಣಿಕ ಕೆಲಸಗಳಿಗಾಗಿ ಹುಟ್ಟಿದ ವ್ಯವಸ್ಥೆಗೆ ಇದು ಸರಿಯಾದ ಆಯ್ಕೆ. ಬಿಲ್ಲಿಂಗ್ ಡೇಟಾಬೇಸ್ ಇಡುವವನಿಗೆ ಮಾತ್ರ ವಿದ್ಯುತ್ ಹೋದ ದಿನ ಗೊತ್ತಾಗುವ ಸತ್ಯ. ಹೆಸರಿನಲ್ಲೇ ಎಚ್ಚರಿಕೆ ಬರೆದಿಟ್ಟ ಆ ಎಂಜಿನಿಯರುಗಳನ್ನು ಮೆಚ್ಚಬೇಕು. ಆದರೆ ಬಾಡಿಗೆದಾರನಿಗೆ ಆ ಹೆಸರು ಕಾಣುವುದಿಲ್ಲ, ಅದು ಮಾಲೀಕನ ಕಡೆಯ ಗುಂಡಿ. ಆದ್ದರಿಂದ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಜೊತೆಗೇ ಬರುವ ಎಫ್‌ಸಿಂಕ್ ಪರೀಕ್ಷೆಯನ್ನು ಓಡಿಸಿ ನೋಡಿ. ಅಂಕಿ ನಂಬಲಾರದಷ್ಟು ಚೆನ್ನಾಗಿದ್ದರೆ ನಂಬಬೇಡಿ, ಲಿಖಿತವಾಗಿ ಕೇಳಿ.

ವೇಗದ ಮಾತಿಗೆ ಬಂದರೂ 2020ರ ಆ ಪ್ರಬಂಧವೇ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದೆ: ಸೆಕೆಂಡಿಗೆ 3,40,000 ಡಿಸ್ಕ್ ಓದುಗಳನ್ನು ಕೊಡಬಲ್ಲ ಯಂತ್ರದಲ್ಲಿ ಅಂದಿನ ಫೈರ್‌ಕ್ರ್ಯಾಕರ್ ಮುಟ್ಟಿದ್ದು ಸುಮಾರು 13,000. ಆಮೇಲೆ ಸುಧಾರಣೆಗಳಾಗಿವೆ. ಆದರೂ ಬೂಟ್ ವೇಗದ ಅಂಕಿಯೊಂದನ್ನೇ ತೋರಿಸುವ ಜಾಹೀರಾತನ್ನು ಓದುವಾಗ ಈ ಇನ್ನೊಂದು ಅಂಕಿ ನೆನಪಿರಲಿ.

ಸ್ನ್ಯಾಪ್‌ಶಾಟ್‌ಗಳದು ಇನ್ನೊಂದು ವಿಚಿತ್ರ. ಓಡುತ್ತಿರುವ ಮೈಕ್ರೊವಿಎಂ ಅನ್ನು ಹಾಗೆಯೇ ನಿಲ್ಲಿಸಿ, ಅದರ ಮೆಮೊರಿಯ ಪ್ರತಿ ತೆಗೆದು, ಆ ಒಂದರಿಂದ ಹತ್ತು ಎಬ್ಬಿಸಬಹುದು. ಹತ್ತೂ ಅವಳಿಗಳು. ಅಂದರೆ ಕರ್ನಲಿನೊಳಗಿನ ಗುಟ್ಟಿನ ಕೀಲಿಗಳು ಹುಟ್ಟುವ ಯಾದೃಚ್ಛಿಕ ಸಂಖ್ಯೆಗಳ ಬೀಜವೂ ಹತ್ತರಲ್ಲೂ ಒಂದೇ. ಎರಡು ಸರ್ವರುಗಳು ಒಂದೇ ಗುಟ್ಟಿನ ಕೀಲಿಯನ್ನು ತಾವೇ ಕಂಡುಹಿಡಿದಂತೆ ಸೃಷ್ಟಿಸಬಹುದು. ‘ನೀನು ಈಗಷ್ಟೇ ಪ್ರತಿಯಾಗಿ ಹುಟ್ಟಿದ್ದೀಯ, ಬೀಜ ಬದಲಿಸಿಕೋ’ ಎಂದು ಗೆಸ್ಟಿಗೆ ತಿಳಿಸುವ ವಿಎಂಜೆನ್‌ಐಡಿ ಎಂಬ ಏರ್ಪಾಡಿಗೆ ಲಿನಕ್ಸ್ ಕರ್ನಲಿನಲ್ಲಿ ಬೆಂಬಲ ಬಂದದ್ದು 2022ರ 5.18 ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯ ಕರ್ನಲ್ ಇಟ್ಟುಕೊಂಡು ಸ್ನ್ಯಾಪ್‌ಶಾಟಿನಿಂದ ಸರ್ವರುಗಳನ್ನು ಹೆರಿಸುವವರು ತಮ್ಮ ಕೀಲಿಗಳನ್ನು ಒಮ್ಮೆ ಹೋಲಿಸಿ ನೋಡಲಿ.

ಕರ್ನಲ್ ಯಾರದು ಎಂಬ ಓಪನ್‌ವಿಝಡ್ ಕಾಲದ ಪ್ರಶ್ನೆಯೂ ಹೊಸ ವೇಷದಲ್ಲಿ ಮರಳಿದೆ. ಫೈರ್‌ಕ್ರ್ಯಾಕರಿನಲ್ಲಿ ಬಯಾಸ್ ಇಲ್ಲದ್ದರಿಂದ ಗೆಸ್ಟಿನ ಕರ್ನಲ್ ಫೈಲನ್ನು ಹೊರಗಿನಿಂದ, ಮಾಲೀಕನ ಕಡೆಯಿಂದ, ಕೊಡುವುದು ರೂಢಿ. ನೀವು ಒಳಗೆ ಕುಳಿತು ಹೊಸ ಕರ್ನಲ್ ಹಾಕಿ ರೀಬೂಟ್ ಮಾಡಿದರೂ ಎದ್ದು ಬರುವುದು ಹಳೆಯದೇ ಆಗಿರಬಹುದು. ಭದ್ರತಾ ತಿದ್ದುಪಡಿ ಬಂತೆಂದು ನೀವು ನಿಶ್ಚಿಂತರಾಗಿರುತ್ತೀರಿ, ಅದು ಡಿಸ್ಕಿನಲ್ಲಿ ಸುಮ್ಮನೆ ಮಲಗಿರುತ್ತದೆ.

ಗೋಡೆ ತೆಳುವಾದಷ್ಟೂ ಗಟ್ಟಿಯಾಗುತ್ತದೆ ಎಂಬ ಫೈರ್‌ಕ್ರ್ಯಾಕರಿನ ವಾದ ಬಹುಮಟ್ಟಿಗೆ ನಿಜ, ಆದರೆ ಗೋಡೆಯ ಕೆಳಗಿನ ನೆಲ ಅದರ ಕೈಯಲ್ಲಿಲ್ಲ. 2018ರಲ್ಲಿ ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ಎಂಬ ದೋಷಗಳು ಪ್ರೊಸೆಸರಿನಿಂದಲೇ ಸೋರಿಕೆ ತೋರಿಸಿದವು. 2025ರ ಸೆಪ್ಟೆಂಬರಿನಲ್ಲಿ ಜ್ಯೂರಿಕ್‌ನ ಇಟಿಎಚ್ ಸಂಶೋಧಕರು ಪ್ರಕಟಿಸಿದ ವಿಎಂಸ್ಕೇಪ್ ಎಂಬ ದಾಳಿಯಲ್ಲಿ ಬಾಡಿಗೆದಾರನೊಬ್ಬ ಯಾವ ಕೋಡನ್ನೂ ಮುರಿಯದೆ, ಪ್ರೊಸೆಸರಿನ ಊಹಾಶಕ್ತಿಯನ್ನು ದಾರಿ ತಪ್ಪಿಸಿ ಕ್ಯೂಎಮುವಿನ ಮೆಮೊರಿಯಿಂದ ಗುಟ್ಟುಗಳನ್ನು ಕದಿಯುತ್ತಾನೆ. ಎಎಂಡಿಯ ಜೆನ್ 4 ಪ್ರೊಸೆಸರಿನಲ್ಲಿ ಸೆಕೆಂಡಿಗೆ 32 ಬೈಟ್. ತೊಟ್ಟಿಕ್ಕುವ ನಲ್ಲಿಯಷ್ಟೇ ವೇಗ, ಆದರೆ ಒಂದು ಡಿಸ್ಕಿನ ಗುಪ್ತಲಿಪಿಯ ಕೀಲಿ ಎಷ್ಟು ದೊಡ್ಡದಿರುತ್ತದೆ? ಬಿಂದಿಗೆ ತುಂಬಲು ಅಷ್ಟು ಸಾಕು. ತಿದ್ದುಪಡಿ ಬಂದಿದೆ, ಅದನ್ನು ಹಾಕಬೇಕಾದವನು ಮಾಲೀಕ.

ಮಾಲೀಕನ ಪ್ರಸ್ತಾಪ ಬಂದಾಗ 2009ರ ಜೂನ್ ನೆನಪಾಗುತ್ತದೆ, ಅದರಲ್ಲಿ ಬೆಂಗಳೂರಿನ ಹೆಸರೂ ಸೇರಿದೆ. ಇಲ್ಲಿನ ಎಲ್‌ಎಕ್ಸ್‌ಲ್ಯಾಬ್ಸ್ ಎಂಬ ಸಣ್ಣ ಸಂಸ್ಥೆ ಹೈಪರ್‌ವಿಎಂ ಎಂಬ ನಿಯಂತ್ರಣ ತಂತ್ರಾಂಶ ಮಾಡುತ್ತಿತ್ತು. ಕ್ಸೆನ್ ಆಗಲಿ ಓಪನ್‌ವಿಝಡ್ ಆಗಲಿ, ಬ್ರೌಸರಿನಲ್ಲಿ ಕುಳಿತು ಸರ್ವರುಗಳನ್ನು ಹುಟ್ಟಿಸುವುದು, ನಿಲ್ಲಿಸುವುದು, ಅಳಿಸುವುದು ಅದರ ಕೆಲಸ. ಜಗತ್ತಿನ ಎಷ್ಟೋ ಅಗ್ಗದ ವಿಪಿಎಸ್ ಕಂಪನಿಗಳು ಅದನ್ನು ನೆಚ್ಚಿಕೊಂಡಿದ್ದವು. ಬ್ರಿಟನ್ನಿನ ವಿಎಸರ್ವ್ ಕಂಪನಿಯೊಳಗೆ ನುಗ್ಗಿದವರು ಸುಮಾರು ಒಂದು ಲಕ್ಷ ವೆಬ್‌ಸೈಟುಗಳ ದತ್ತಾಂಶ ಅಳಿಸಿಹಾಕಿದರು. ಕಂಪನಿ ಹೈಪರ್‌ವಿಎಂನ ದೋಷದತ್ತ ಬೆರಳು ತೋರಿಸಿತು, ಬೇರೆಯವರು ದುರ್ಬಲ ಪಾಸ್‌ವರ್ಡುಗಳತ್ತ ತೋರಿಸಿದರು, ವಾದ ತೀರ್ಮಾನವಾಗಲಿಲ್ಲ. ಬ್ಯಾಕಪ್ ಇಲ್ಲದ ಅಗ್ಗದ ಯೋಜನೆ ಹಿಡಿದಿದ್ದವರ ಸೈಟುಗಳು ಮರಳಲಿಲ್ಲ. ಗಮನಿಸಿ, ಅಲ್ಲಿ ಯಾರೂ ಹೈಪರ್‌ವೈಸರಿನ ಗೋಡೆ ಒಡೆಯಲಿಲ್ಲ. ಎಲ್ಲ ಮನೆಗಳ ಬೀಗದ ಕೈ ತೂಗುಹಾಕಿದ್ದ ಮೊಳೆಗೇ ಕೈ ಹಾಕಿದರು. ಹೊಸ ವರ್ಚುವಲೈಸೇಶನ್ ಎಂದರೆ ಬಹುತೇಕ ಹೊಸ ನಿಯಂತ್ರಣ ಫಲಕವೂ ಹೌದು. ಹೈಪರ್‌ವೈಸರಿನ ಕೋಡನ್ನು ಜಗತ್ತಿನ ಸಂಶೋಧಕರು ಕೆದಕಿ ನೋಡುತ್ತಾರೆ; ಕೆವಿಎಂ ಗೋಡೆ ಒಡೆದು ತೋರಿಸಿದವರಿಗೆ ಎರಡೂವರೆ ಲಕ್ಷ ಡಾಲರ್ ಕೊಡುವುದಾಗಿ ಗೂಗಲ್ ಸಾರಿದೆ. ಕಂಪನಿಯವರೇ ತರಾತುರಿಯಲ್ಲಿ ಬರೆದ ಫಲಕವನ್ನು ಅಷ್ಟು ಮುತುವರ್ಜಿಯಿಂದ ನೋಡುವವರು ಯಾರಿದ್ದಾರೆ?

ಇನ್ನು ಉಳಿದದ್ದು ನೆರೆಯವರ ಗದ್ದಲ. ‘ಟಾಪ್’ ಆಜ್ಞೆ ಕೊಟ್ಟಾಗ ಮೇಲಿನ ಸಾಲುಗಳಲ್ಲಿ, ಸಿಪಿಯು ಲೆಕ್ಕದ ಸಾಲಿನ ಕೊನೆಯಲ್ಲಿ, ‘ಎಸ್‌ಟಿ’ ಎಂಬ ಎರಡಕ್ಷರ ಕಾಣುತ್ತದೆ. ಸ್ಟೀಲ್, ಅಂದರೆ ಕದ್ದ ಕಾಲ. ನಿಮ್ಮ ಸರ್ವರ್ ಕೆಲಸಕ್ಕೆ ಸಿದ್ಧವಾಗಿದ್ದೂ ಪ್ರೊಸೆಸರ್ ಬೇರೆಯವರ ಪಾಲಾಗಿದ್ದ ಹೊತ್ತನ್ನು ಅದು ಶೇಕಡಾ ಲೆಕ್ಕದಲ್ಲಿ ಹೇಳುತ್ತದೆ. ಪ್ರಯೋಗದ ದಿನಗಳಲ್ಲಿ ಇದು ಸದಾ ಸೊನ್ನೆ. ಮಾರ್ಗಕ್ಕೆ ಹೊಸದಾಗಿ ಬಿಟ್ಟ ಬಸ್ಸಿನಲ್ಲಿ ಮೊದಲ ದಿನ ಕಿಟಕಿ ಸೀಟು ಸಿಕ್ಕಿತೆಂದು ವರ್ಷದ ಪಾಸ್ ಮಾಡಿಸಿದ ಹಾಗೆ, ಆ ಸೊನ್ನೆ ನೋಡಿ ನಾನು ವರ್ಷದ ಬಾಡಿಗೆ ಕಟ್ಟಿದ್ದೆ. ಹಳೆಯ ಸರ್ವರನ್ನು ಇನ್ನೊಂದು ತಿಂಗಳು ಉಳಿಸಿಕೊಳ್ಳೋಣವೆಂದು ಮನೆಯವರು ಹೇಳಿದ್ದಕ್ಕೆ, ಸುಮ್ಮನೆ ದಂಡ ಎಂದು ನಕ್ಕಿದ್ದೆ. ಪ್ರಯೋಗದ ಹಂತ ಮುಗಿದು ಆ ಯೋಜನೆಯನ್ನು ಎಲ್ಲರಿಗೂ ತೆರೆದ ಮೇಲೆ, ಪ್ರತಿ ಸಂಜೆ ಏಳರ ಹೊತ್ತಿಗೆ ಸೈಟ್ ಏದುಸಿರು ಬಿಡಲು ಶುರುಮಾಡಿತು. ನನ್ನ ಕೋಡಿನಲ್ಲೇ ತಪ್ಪಿದೆಯೆಂದು ಎರಡು ವಾರ ಹುಡುಕಿದೆ. ಕೊನೆಗೆ ಟಾಪ್ ತೆರೆದು ನೋಡಿದಾಗ ಎಸ್‌ಟಿ ಎದುರಿನ ಸೊನ್ನೆ ಎರಡಂಕಿಯಾಗಿತ್ತು. ಪಕ್ಕದ ಮನೆಗಳಿಗೆ ಜನ ಬಂದಿದ್ದರು.